ಮನೆವಾರ್ತೆ: ಲೆಕ್ಕದ ಪೆಟ್ಟಿಗೆಯೂ ಅದರ ಕೀಲಿಕೈಯೂ

ಕಳೆದ ತಿಂಗಳು ಮಳೆನೀರಿನ ತೊಟ್ಟಿಯ ವಿಚಾರವನ್ನು ಬರೆದಿದ್ದೆವು. ಈ ತಿಂಗಳಿನ ವಿಷಯವು ಅಷ್ಟು ತಂಪಾದುದಲ್ಲ. ಆದರೂ ಮನೆಯಲ್ಲಿ ಕಂಪ್ಯೂಟರೊಂದನ್ನಿಟ್ಟುಕೊಂಡು ಅದರಲ್ಲಿ ಸಂಸಾರದ ಜಮಾಖರ್ಚನ್ನು ಬರೆಯುತ್ತಿರುವ ಗೃಹಸ್ಥರು ಇದನ್ನು ಬೇಸರಿಸದೆ ಓದಬೇಕೆಂದು ಪ್ರಾರ್ಥನೆ. ನಮ್ಮ ಕೈಯಿಂದಲೇ ಒಂದು ಪ್ರಮಾದವು ನಡೆದುಹೋಗಿ, ಅದರ ಫಲವನ್ನು ನಮಗಿಂತ ಹೆಚ್ಚಾಗಿ ಬೇರೊಬ್ಬರು ಅನುಭವಿಸಬೇಕಾಗಿ ಬಂದುದರಿಂದ, ಅದನ್ನು ಮುಚ್ಚಿಡುವುದು ನ್ಯಾಯವಲ್ಲವೆಂದು ತೋರಿತು.

ಕಂಪ್ಯೂಟರನ್ನು ಬದಲಾಯಿಸುವ ಸಂದರ್ಭವು ಇತ್ತೀಚೆಗೆ ಅನೇಕರ ಮನೆಗೆ ಒಟ್ಟಿಗೇ ಬಂದಿದೆ. ವಿಂಡೋಸ್ 10 ಎಂಬ ಮೂಲ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11, ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಏರ್ಪಾಡಿಲ್ಲದ ಹಳೆಯ ಯಂತ್ರಗಳನ್ನು ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ. ಚೆನ್ನಾಗಿಯೇ ಉಳುತ್ತಿರುವ ಎತ್ತನ್ನು ಹಲ್ಲು ಎಣಿಸಿ ಕೊಟ್ಟಿಗೆಯಿಂದ ಹೊರಕ್ಕೆ ಅಟ್ಟಿದಂತಾಯಿತೆಂದು ಗೊಣಗಿಕೊಳ್ಳುತ್ತಲೇ ನಮ್ಮ ಬೀದಿಯಲ್ಲಿ ಮೂರು ಮನೆಯವರು ಹೊಸ ಯಂತ್ರವನ್ನು ಕೊಂಡರು. ಆ ಮೂರರಲ್ಲಿ ಒಂದು, ನಮ್ಮೊಡನೆ ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಗಣಿತವನ್ನು ಬೋಧಿಸಿ 2023ರ ಜ್ಯೇಷ್ಠಮಾಸದಲ್ಲಿ ತೀರಿಕೊಂಡ ಮಿತ್ರರ ಮನೆ.

ಈ ಮಿತ್ರರು ಲೆಕ್ಕದಲ್ಲಿ ಬಹು ಕಟ್ಟುನಿಟ್ಟಾದವರು. ಮೊದಲು ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಕಿರ್ದಿಯನ್ನು ಬರೆಯುತ್ತಿದ್ದರು. 2013ರಲ್ಲಿ ಮನೆಯ ಹಣಕಾಸನ್ನು ನೋಡಿಕೊಳ್ಳುವ ಸಾಫ್ಟ್‌ವೇರೊಂದನ್ನು ಅಂಗಡಿಯಿಂದ ಡಬ್ಬಿಯ ಸಮೇತ ಕೊಂಡುತಂದು, ಅಂದಿನಿಂದ ಕೊನೆಯ ವಾರದವರೆಗೆ ಹಾಲಿನವನಿಗೆ ಕೊಟ್ಟ ಚಿಲ್ಲರೆಯನ್ನೂ ಬಿಡದೆ ಅದರಲ್ಲಿ ಬರೆದರು. ಬ್ಯಾಂಕಿನ ಠೇವಣಿಗಳು, ವಿಮೆಯ ಕಂತುಗಳು, ಮನೆಗಂದಾಯ, ಕೊಟ್ಟ ಕೈಸಾಲ, ಎಲ್ಲವೂ ಅಲ್ಲಿಯೇ. ಕಾಗದದ ಮೇಲೆ ಏನೂ ಉಳಿಯಲಿಲ್ಲ. ಅವರ ಧರ್ಮಪತ್ನಿಯವರಿಗೆ ಆ ಯಂತ್ರವನ್ನು ಹೊತ್ತಿಸಿ ಆರಿಸುವುದು ಮಾತ್ರ ಗೊತ್ತಿತ್ತು. ಪತಿಯು ಹೋದ ಮೇಲೆ ಎರಡು ವರ್ಷ ಅದರ ಮೇಲೊಂದು ಬಟ್ಟೆಯನ್ನು ಹೊದಿಸಿ ಇಟ್ಟಿದ್ದರು.

ವಿಶ್ವಾವಸು ಸಂವತ್ಸರದ ದೀಪಾವಳಿಯ ಮಾರನೆಯ ದಿನ ಅವರ ಮನೆಗೆ ಒಬ್ಬ ಬಡಗಿಯು ಬಂದನು. ಮಿತ್ರರ ಹಳೆಯ ಶಿಷ್ಯನಂತೆ. 2018ರಲ್ಲಿ ಮರ ಕೊಯ್ಯುವ ಯಂತ್ರವನ್ನು ಕೊಳ್ಳುವುದಕ್ಕೆಂದು ಮೇಷ್ಟರಿಂದ 60,000 ರೂಪಾಯಿಗಳನ್ನು ಬಡ್ಡಿಯಿಲ್ಲದೆ ಪಡೆದಿದ್ದನಂತೆ. ಪತ್ರವಿಲ್ಲ, ಸಾಕ್ಷಿಯಿಲ್ಲ. ಆಗಾಗ್ಗೆ ಬಂದು ಕೊಟ್ಟು ಹೋಗುತ್ತಿದ್ದನು. "ನನ್ನ ನೆನಪಿನಲ್ಲಿ ಇನ್ನು ಹದಿನೈದು ಸಾವಿರ ಉಳಿದಿದೆ, ಅಮ್ಮಾವರೆ. ಮೇಷ್ಟರ ಲೆಕ್ಕದಲ್ಲಿ ಹೆಚ್ಚು ಕಡಿಮೆ ಇದ್ದರೆ ಹೇಳಿ ಕಳಿಸಿ" ಎಂದು ಹಣವನ್ನು ಇಟ್ಟು ಹೋದನು. ಆ ತಾಯಿಯವರು ಅದನ್ನು ಲಕೋಟೆಯಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟು ನಮಗೆ ಹೇಳಿ ಕಳುಹಿಸಿದರು. "ಮೇಷ್ಟರೆ, ನಿಮ್ಮ ಸ್ನೇಹಿತರು ಬರೆದಿಟ್ಟುದನ್ನು ನೋಡದೆ ನಾನು ಈ ಹಣವನ್ನು ಮುಟ್ಟಲಾರೆ. ಹೆಚ್ಚು ತೆಗೆದುಕೊಂಡರೆ ಅವರಿಗೆ ಅಪಚಾರ. ಇದಕ್ಕಿಂತ ಹೆಚ್ಚು ಬರಬೇಕಾಗಿದ್ದರೆ ಅದನ್ನು ಅವನಿಗೇ ತಿಳಿಸಿ, ಬೇಡವೆಂದು ಹೇಳಿಬಿಡುತ್ತೇನೆ. ಆದರೆ ತಿಳಿಯದೆ ಹೇಗೆ ಹೇಳಲಿ?"

ಇದೇ ಸಮಯದಲ್ಲಿ ಅವರ ಮೊಮ್ಮಗನು ಹೊಸ ಕಂಪ್ಯೂಟರನ್ನು ತಂದಿದ್ದನು. ಇಂತಹ ಕೆಲಸಗಳಲ್ಲಿ ನಾವು ಸ್ವಲ್ಪ ತಿಳಿದವರೆಂಬ ಖ್ಯಾತಿಯು ಬೀದಿಯಲ್ಲಿದೆ. ಆ ಖ್ಯಾತಿಯನ್ನು ನಾವೂ ನಂಬಿದುದೇ ತಪ್ಪಾಯಿತು. ಹಳೆಯ ಯಂತ್ರದಿಂದ ಲೆಕ್ಕದ ಕಡತಗಳನ್ನೂ ಸಾಫ್ಟ್‌ವೇರು ಇದ್ದ ಕೋಶವನ್ನೂ ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಹಳೆಯದನ್ನು ಒಂದು ಶಾಲೆಗೆ ಕೊಡುವುದೆಂದು ನಿಶ್ಚಯವಾಗಿತ್ತು. ಬ್ಯಾಂಕಿನ ವಿವರಗಳು ಪರರ ಕೈಗೆ ಸಿಕ್ಕಬಾರದೆಂದು ಅದರ ಡಿಸ್ಕನ್ನು ನಿಶ್ಶೇಷವಾಗಿ ಅಳಿಸಿ ಕೊಟ್ಟೆವು. ಎಚ್ಚರಿಕೆಯ ಕೆಲಸವೆಂದೇ ಭಾವಿಸಿದ್ದೆವು. ಅಳಿಸಿದುದರಲ್ಲಿ ತಪ್ಪಿಲ್ಲ, ಅಳಿಸಿದ ಕಾಲವೇ ತಪ್ಪು.

ಹೊಸ ಯಂತ್ರದಲ್ಲಿ ಕೋಶವನ್ನು ಇಳಿಸಿ ತೆರೆದರೆ ಸಾಫ್ಟ್‌ವೇರು ಏಳಲೇ ಇಲ್ಲ. ಅದರ ಬೇರುಗಳು ಮೂಲ ವ್ಯವಸ್ಥೆಯ ಅನೇಕ ಮೂಲೆಗಳಲ್ಲಿ ಹರಡಿಕೊಂಡಿರುವುದರಿಂದ, ಕೋಶವೊಂದನ್ನೇ ಕಿತ್ತು ತಂದರೆ ಬೇರಿಲ್ಲದ ಗಿಡವನ್ನು ತಂದಂತೆ. ಸರಿ, ಡಬ್ಬಿಯಲ್ಲಿದ್ದ ಸಿ.ಡಿ.ಯಿಂದ ಕ್ರಮವಾಗಿ ಸ್ಥಾಪಿಸಿದೆವು. (ಹೊಸ ಯಂತ್ರದಲ್ಲಿ ಸಿ.ಡಿ. ಇಡುವ ತಟ್ಟೆಯೇ ಇಲ್ಲ. ಅದಕ್ಕಾಗಿ ಹೊರಗಿನಿಂದ ಜೋಡಿಸುವ ಪೆಟ್ಟಿಗೆಯೊಂದನ್ನು ಮೂರು ಮನೆ ಹುಡುಕಿ ತಂದೆವು.) ಲೈಸೆನ್ಸಿನ ಸಂಖ್ಯೆಯನ್ನು ಕೇಳಿತು. ಮಿತ್ರರು ಅದನ್ನು ದಿನಚರಿಯ ಕೊನೆಯ ಹಾಳೆಯಲ್ಲಿ ದುಂಡಗೆ ಬರೆದಿಟ್ಟಿದ್ದರು. ಅದನ್ನು ಒತ್ತಿದೆವು. ಒಂದು ಕ್ಷಣ ಯೋಚಿಸಿದಂತೆ ಮಾಡಿ ಅದು ಕೊಟ್ಟ ಉತ್ತರದ ತಾತ್ಪರ್ಯವಿಷ್ಟೆ: ಈ ಸಂಖ್ಯೆಯು ಅನುಮತಿಯಿರುವ ಎರಡು ಯಂತ್ರಗಳಲ್ಲಿ ಆಗಲೇ ಬಳಕೆಯಲ್ಲಿದೆ, ಮೂರನೆಯದಕ್ಕೆ ಅವಕಾಶವಿಲ್ಲ.

ಆ ಎರಡು ಯಂತ್ರಗಳು ಯಾವುವು? 2013ರಲ್ಲಿ ಕೊಂಡ ಮೊದಲನೆಯದು 2017ರ ಮುಂಗಾರಿನಲ್ಲಿ ಸಿಡಿಲಿಗೆ ಸುಟ್ಟುಹೋಗಿತ್ತು. ಎರಡನೆಯದನ್ನು ಆರು ದಿನಗಳ ಹಿಂದೆ ನಮ್ಮ ಕೈಯಿಂದಲೇ ಅಳಿಸಿದ್ದೆವು. ಒಂದು ಸತ್ತಿದೆ, ಇನ್ನೊಂದು ಎಲ್ಲವನ್ನೂ ಮರೆತು ಶಾಲೆಯಲ್ಲಿ ಕುಳಿತಿದೆ. ಆದರೂ ಕಂಪೆನಿಯ ದಫ್ತರದಲ್ಲಿ ಎರಡೂ ಸುಖವಾಗಿ ಬಾಳುತ್ತಲೇ ಇದ್ದುವು.

ಇದರ ಒಳಗುಟ್ಟನ್ನು ತಿಳಿದುಕೊಳ್ಳಬೇಕಾದುದು ಅವಶ್ಯಕ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಿನಿಂದ ಈ ಪದ್ಧತಿಯು ಮನೆಬಳಕೆಯವರಿಗೆ ಪರಿಚಿತವಾಗುತ್ತ ಬಂದಿತು. ಲೈಸೆನ್ಸಿನ ಸಂಖ್ಯೆಯನ್ನು ಒತ್ತಿದೊಡನೆಯೇ ಸಾಫ್ಟ್‌ವೇರು ತಾನಿರುವ ಯಂತ್ರದ ಡಿಸ್ಕು, ಮುಖ್ಯ ಫಲಕ, ಜಾಲಕ್ಕೆ ಸೇರಿಸುವ ಭಾಗ ಮುಂತಾದವುಗಳ ಗುರುತುಗಳನ್ನು ಕೂಡಿಸಿ ಬೆರಳಚ್ಚಿನಂತಹ ಒಂದು ಸಂಕೇತವನ್ನು ರಚಿಸುವುದು. ಆ ಬೆರಳಚ್ಚೂ ಲೈಸೆನ್ಸಿನ ಸಂಖ್ಯೆಯೂ ಇಂಟರ್ನೆಟ್ಟಿನ ಮೂಲಕ ಕಂಪೆನಿಯ ಕಂಪ್ಯೂಟರಿಗೆ ಹೋಗುವುವು. ಅಲ್ಲಿ ಆ ಸಂಖ್ಯೆಯ ಹೆಸರಿನಲ್ಲಿ ಇಂತಿಷ್ಟು ಮನೆಗಳೆಂದು ಇರುತ್ತದೆ. ಒಂದು ಮನೆಯಲ್ಲಿ ಈ ಬೆರಳಚ್ಚನ್ನು ಬರೆದುಕೊಂಡು, ನಡೆಯಬಹುದೆಂದು ಅಪ್ಪಣೆ ಬರುವುದು. ಯಂತ್ರವು ಸುಟ್ಟರೂ ಕಳುವಾದರೂ ಡಿಸ್ಕನ್ನು ಅಳಿಸಿದರೂ ಆ ಸುದ್ದಿಯು ದಫ್ತರಕ್ಕೆ ತಾನಾಗಿ ಮುಟ್ಟುವುದಿಲ್ಲ. ನಾವೇ ಮುಟ್ಟಿಸಬೇಕು. ಅದಕ್ಕಾಗಿ ಅನೇಕ ಸಾಫ್ಟ್‌ವೇರುಗಳಲ್ಲಿ 'ಡೀಆಕ್ಟಿವೇಟ್' ಎಂಬ ಆಜ್ಞೆಯೊಂದಿರುತ್ತದೆ. ಹೆಚ್ಚಾಗಿ 'ಹೆಲ್ಪ್' ಎಂಬ ಶೀರ್ಷಿಕೆಯ ಕೆಳಗೆ, ಯಾರೂ ನೋಡದ ಮೂಲೆಯಲ್ಲಿ. ಕೆಲವರು ಈ ಬಿಡುಗಡೆಯನ್ನು ತಮ್ಮ ಜಾಲತಾಣದಲ್ಲಿರುವ ಗ್ರಾಹಕರ ಖಾತೆಯಿಂದ ಮಾಡಗೊಡುತ್ತಾರೆ. ಹೇಗೇ ಇರಲಿ, ಹಳೆಯ ಯಂತ್ರವು ಜೀವದಿಂದಿದ್ದು ಇಂಟರ್ನೆಟ್ಟಿಗೆ ಸೇರಿರುವಾಗಲೇ ಆ ಒಂದು ಗುಂಡಿಯನ್ನು ಒತ್ತಿದ್ದರೆ ಅರ್ಧ ನಿಮಿಷದಲ್ಲಿ ಒಂದು ಮನೆಯು ತೆರವಾಗುತ್ತಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕುವವರಂತೆ ನಾವು ಇದನ್ನು ಆಮೇಲೆ ಓದಿ ತಿಳಿದೆವು.

ನಾವು ಬಾಲ್ಯದಿಂದ ಓದಿದ ಶಾಸ್ತ್ರದಲ್ಲಿ ದಾನಕ್ಕೆ ಹೇಳಿರುವ ಲಕ್ಷಣವು ಆಗ ನೆನಪಿಗೆ ಬಂದು ನಮ್ಮನ್ನು ನಾಚಿಸಿತು. ವಸ್ತುವನ್ನು ಎತ್ತಿ ಕೊಟ್ಟ ಮಾತ್ರಕ್ಕೆ ದಾನವಾಗುವುದಿಲ್ಲ. ಕೊಡುವವನ ಸ್ವತ್ವವು ಅದರಿಂದ ನಿವೃತ್ತವಾಗಬೇಕು, ಅನಂತರ ಪಡೆಯುವವನ ಸ್ವತ್ವವು ಹುಟ್ಟಬೇಕು; ಎರಡೂ ಆದರೆ ದಾನ. ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಪಾಠ ಹೇಳಿದವರು, ಹಳೆಯ ಕಂಪ್ಯೂಟರಿನ ಸ್ವತ್ವವನ್ನು ನಿವೃತ್ತಿಗೊಳಿಸದೆ ಹೊಸದಕ್ಕೆ ಧಾರೆಯೆರೆಯಲು ಹೊರಟೆವು! ಯೂರೋಪಿನ ಒಕ್ಕೂಟದ ನ್ಯಾಯಾಲಯವು 2012ರ ಜುಲೈ 3ರಂದು ಕೊಟ್ಟ ಒಂದು ತೀರ್ಪಿನಲ್ಲಿ, ಕಾಲದ ಮಿತಿಯಿಲ್ಲದ ಲೈಸೆನ್ಸಿನೊಡನೆ ಬೆಲೆಗೆ ಕೊಂಡ ಸಾಫ್ಟ್‌ವೇರನ್ನು ಮತ್ತೊಬ್ಬರಿಗೆ ಮಾರಬಹುದೆಂದೂ, ಆದರೆ ಮಾರುವವನು ತನ್ನಲ್ಲಿರುವ ಪ್ರತಿಯನ್ನು ಆಗಲೇ ಉಪಯೋಗಕ್ಕೆ ಬಾರದಂತೆ ಮಾಡಬೇಕೆಂದೂ ಹೇಳಿದೆ. ನಮ್ಮ ಪೂರ್ವಿಕರ ದಾನಲಕ್ಷಣವೇ ಲಕ್ಸೆಂಬರ್ಗಿನಲ್ಲಿ ಬೇರೊಂದು ವೇಷದಲ್ಲಿ ಬಂದು ನಿಂತಂತಿದೆ.

ಹಣ ಕೊಟ್ಟು ಕೊಂಡ ವಸ್ತುವನ್ನು ನಮ್ಮ ಮನೆಯೊಳಗೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೆ ಇನ್ನೊಬ್ಬರ ಅಪ್ಪಣೆಯೇಕೆಂದು ವಾಚಕರು ಕೇಳುವುದು ಸಹಜ. ಆ ತಾಯಿಯವರೂ ಕೇಳಿದರು. ಇದಕ್ಕೆ ನಮ್ಮ ಉತ್ತರವೇನೆಂದರೆ, ಕೊಂಡದ್ದು ವಸ್ತುವಲ್ಲ, ಬಳಸುವ ಅನುಮತಿ. ನಮ್ಮ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಡಿಸ್ಕಿನಲ್ಲಿ ಸಿದ್ಧರೂಪದಲ್ಲಿ ಮಾರುವ ಸಾಫ್ಟ್‌ವೇರು ಮಾರಾಟತೆರಿಗೆಯ ಮಟ್ಟಿಗೆ ಸರಕೇ ಸರಿಯೆಂದಿತು. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಮೇಲೆ ಹೋದ ವ್ಯಾಜ್ಯಗಳೂ ಸೇರಿದ್ದ ಒಂದು ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಅದೇ ನ್ಯಾಯಾಲಯವು, ಹೀಗೆ ಕೊಂಡವನಿಗೆ ಪ್ರತಿಯು ದೊರೆಯುವುದೇ ಹೊರತು ಅದರ ಕೃತಿಸ್ವಾಮ್ಯವು ದೊರೆಯುವುದಿಲ್ಲವೆಂದು ವಿವೇಚಿಸಿತು. ಎರಡೂ ತೆರಿಗೆಯ ವ್ಯಾಜ್ಯಗಳು. ಆದರೂ ಗೃಹಸ್ಥನಿಗೆ ಬೇಕಾದ ವಿವೇಕವು ಅವುಗಳಲ್ಲಿದೆ. 1957ರ ಕಾಪಿರೈಟ್ ಕಾನೂನಿನ 52ನೆಯ ಪ್ರಕರಣವು, ನ್ಯಾಯವಾಗಿ ಪ್ರತಿಯನ್ನು ಪಡೆದವನು ನಷ್ಟವಾದೀತೆಂಬ ಭಯದಿಂದ ಒಂದು ಮರುಪ್ರತಿಯನ್ನು ಮಾಡಿಟ್ಟುಕೊಳ್ಳುವುದನ್ನು ಅಪರಾಧವೆನ್ನುವುದಿಲ್ಲ. ಒಳ್ಳೆಯದೇ. ಆದರೆ ಆ ಮರುಪ್ರತಿಯು ಏಳಬೇಕಾದರೆ ಕಂಪೆನಿಯ ಅಪ್ಪಣೆ ಬೇಕಾಗುವಲ್ಲಿ, ಪೆಟ್ಟಿಗೆಯು ನಮ್ಮಲ್ಲಿಯೂ ಕೀಲಿಕೈಯು ಅವರಲ್ಲಿಯೂ ಉಳಿದಂತೆ ಆಯಿತು.

ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಮದುವೆ ಮುಂತಾದ ಉತ್ಸವಗಳಿಗೆಂದು ಬೇಡಿ ತಂದ ಬಟ್ಟೆಬರೆ ಒಡವೆಗಳನ್ನು 'ಯಾಚಿತ'ವೆಂಬ ಬೇರೊಂದು ವರ್ಗಕ್ಕೆ ಸೇರಿಸಿದ್ದಾನೆ. ಧರಿಸಬಹುದು, ನಮ್ಮದೆನ್ನಲಾಗದು. ಸಾಫ್ಟ್‌ವೇರಿನ ಲೈಸೆನ್ಸಿಗೆ ನಮ್ಮ ಪ್ರಾಚೀನರಲ್ಲಿ ಹತ್ತಿರದ ಹೆಸರನ್ನು ಹುಡುಕಿದರೆ ಇದೇ ಸಿಕ್ಕೀತೆಂದು ನಮಗೆ ತೋರುತ್ತದೆ. ಒಂದು ಭೇದವುಂಟು: ಯಾಚಿತವನ್ನು ಸ್ನೇಹದಿಂದ ಕೊಡುತ್ತಿದ್ದರು, ಇಲ್ಲಿ ಪೂರ್ತಿ ಬೆಲೆಯನ್ನು ತೆಗೆದುಕೊಂಡು ಎರವಲು ಕೊಡುತ್ತಾರೆ. ಆದರೆ ಇಷ್ಟನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಎರವಲಾಗಿರುವುದು ಸಾಫ್ಟ್‌ವೇರು. ಅದರೊಳಗೆ ಬರೆದ ಲೆಕ್ಕವು ಬರೆದವರದು, ಅವರ ಮನೆಯವರದು. ಎರವಲು ಒಡವೆಯ ಪೆಟ್ಟಿಗೆಯಲ್ಲಿ ಸ್ವಂತ ತಾಳಿಯನ್ನು ಇಟ್ಟರೆ ಏನಾಗುವುದೋ ಅದೇ ನಮಗೂ ಆಗಿತ್ತು.

ಇನ್ನು ನಡೆದುದನ್ನು ಹೇಳುತ್ತೇವೆ. ಕಂಪೆನಿಗೆ ಪತ್ರವನ್ನು ಬರೆದೆವು. (ಯಾವ ಕಂಪೆನಿಯೆಂಬುದು ಇಲ್ಲಿ ಬೇಕಾಗಿಲ್ಲ, ಕೊನೆಗೆ ಅವರು ಸೌಜನ್ಯದಿಂದಲೇ ನಡೆದುಕೊಂಡರು.) ಎರಡು ದಿನಗಳಲ್ಲಿ ಉತ್ತರ ಬಂದಿತು: ಖರೀದಿಯ ಕಾಲದಲ್ಲಿ ದಾಖಲು ಮಾಡಿದ ಇ-ಮೇಲಿನಿಂದಲೇ ಕೋರಿಕೆಯು ಬರಬೇಕು. ಆ ವಿಳಾಸವು ದಿವಂಗತ ಮಿತ್ರರದು. ಅದರ ಪಾಸ್‌ವರ್ಡು ಯಾರಿಗೂ ತಿಳಿಯದು. ಮರೆತವರಿಗೆ ಹೊಸದನ್ನು ಕೊಡುವ ಏರ್ಪಾಡಿದೆಯಲ್ಲ ಎಂದು ನೋಡಿದರೆ, ಗುಪ್ತ ಸಂಖ್ಯೆಯು ಅವರ ಮೊಬೈಲಿಗೆ ಹೋಗುತ್ತದೆಯಂತೆ. ಆ ಸಂಪರ್ಕಕ್ಕೆ ಸುಮ್ಮನೆ ಹಣ ಕಟ್ಟುವುದೇಕೆಂದು 2024ರಲ್ಲಿಯೇ ನಿಲ್ಲಿಸಿಬಿಟ್ಟಿದ್ದರು. ಹೀಗೆ ಬಿಟ್ಟುಕೊಟ್ಟ ಸಂಖ್ಯೆಯನ್ನು ತೊಂಬತ್ತು ದಿನಗಳು ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದೆಂಬ ನಿಯಮವಿದೆ. ಆ ಸಂಖ್ಯೆಗೆ ಕರೆ ಮಾಡಿದಾಗ ದೂರದ ಊರಿನ ಒಬ್ಬ ಹೂವಿನ ವ್ಯಾಪಾರಿಯು ಮಾತನಾಡಿದನು. ಒಳ್ಳೆಯವನು. ಗುಪ್ತ ಸಂಖ್ಯೆ ಬಂದರೆ ಹೇಳುತ್ತೇನೆಂದೂ ಅಂದನು. ಆದರೆ ಅಪರಿಚಿತನನ್ನು ಅಂತಹ ಕೆಲಸಕ್ಕೆ ತೊಡಗಿಸುವುದೂ, ಸತ್ತವರ ಅಂಚೆಪೆಟ್ಟಿಗೆಯನ್ನು ಆ ದಾರಿಯಿಂದ ತೆರೆಯುವುದೂ ನಮಗೆ ಸರಿದೋರಲಿಲ್ಲ.

ಇಲ್ಲಿ ಮನೆಯ ಯಜಮಾನರಿಗೆ ಒಂದು ಮಾತು. ತಮ್ಮ ಇ-ಮೇಲು ಬಹುಕಾಲ ತೆರೆಯದೆ ಬಿದ್ದಿದ್ದರೆ ಅದರ ವಿಚಾರವು ಯಾರಿಗೆ ತಿಳಿಯಬೇಕೆಂದು ಮೊದಲೇ ಗೊತ್ತುಮಾಡಿಡುವ ಏರ್ಪಾಡು ಗೂಗಲ್ ಸಂಸ್ಥೆಯಲ್ಲಿ 2013ರಿಂದಲೂ ಇದೆ. ಹತ್ತು ನಿಮಿಷದ ಕೆಲಸ. ಉಯಿಲು ಬರೆಯಲು ಹೆದರುವವರು ಇದಕ್ಕಾದರೂ ಹೆದರಬೇಕಾಗಿಲ್ಲ.

ಕಂಪೆನಿಗೆ ಮತ್ತೆ ಬರೆದು, ಮರಣದ ಪ್ರಮಾಣಪತ್ರದ ಪ್ರತಿಯನ್ನು ಕಳುಹಿಸಿದೆವು. ಖರೀದಿಯ ರಸೀದಿಯನ್ನೂ ಕಳುಹಿಸಬೇಕೆಂದರು. ಹನ್ನೆರಡು ವರ್ಷದ ಹಿಂದಿನ ರಸೀದಿ! ಮನೆಯನ್ನೆಲ್ಲ ತಡಕಿದೆವು. ತಾಯಿಯವರೇ ನೆನಪು ಮಾಡಿಕೊಂಡು ಅಟ್ಟದಿಂದ ವಿಜಯ ಸಂವತ್ಸರದ ಪಂಚಾಂಗವನ್ನು ತೆಗೆಸಿದರು. "ಆಯಾ ವರ್ಷದ ರಸೀದಿಗಳನ್ನು ಆಯಾ ವರ್ಷದ ಪಂಚಾಂಗದೊಳಗೇ ಇಡುತ್ತಿದ್ದರು" ಎಂದರು. ರಸೀದಿಯು ಇತ್ತು, ಅಕ್ಷರಗಳು ಇರಲಿಲ್ಲ. ಶಾಖದಿಂದ ಅಚ್ಚಾಗುವ ಆ ನಯವಾದ ಕಾಗದದಲ್ಲಿ ಬರಹವು ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ. ಆದರೆ ಗಣಿತದ ಮೇಷ್ಟರಲ್ಲವೆ? ಅದರ ಹಿಂದೆಯೇ ಝೆರಾಕ್ಸ್ ಪ್ರತಿಯೊಂದನ್ನು ಪಿನ್ನಿನಿಂದ ಸೇರಿಸಿದ್ದರು. ಅದನ್ನು ನೋಡಿ ನಮಗೆ ಉಂಟಾದ ಸಂತೋಷಕ್ಕಿಂತ ಹೆಚ್ಚಾಗಿ ಉಂಟಾದುದು ಲಜ್ಜೆ. ಸತ್ತು ಎರಡು ವರ್ಷವಾದವರು ಬದುಕಿರುವ ನಮಗಿಂತ ಎಚ್ಚರಿಕೆಯುಳ್ಳವರಾಗಿದ್ದರು.

ಉತ್ತರಕ್ಕಾಗಿ ಕಾಯುವ ದಿನಗಳಲ್ಲಿ ಕೈಕಟ್ಟಿ ಕುಳಿತುಕೊಳ್ಳಲಾರದೆ, ಪೆನ್‌ಡ್ರೈವಿನಲ್ಲಿದ್ದ ಕಡತಗಳನ್ನು ಒಂದೊಂದಾಗಿ ನೋಡಿದೆವು. ಮಿತ್ರರು 2019ರ ಮಾರ್ಚಿಯವರೆಗಿನ ಲೆಕ್ಕವನ್ನು ಒಂದು ಸಲ ಸಿ.ಎಸ್.ವಿ. ಎಂಬ ಸಾದಾ ರೂಪಕ್ಕೆ ಇಳಿಸಿದ್ದರು. ಇದು ಪ್ರತಿಯೊಂದು ಸಾಲಿನಲ್ಲಿಯೂ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಅಕ್ಷರಗಳ ಕಡತವಾದ್ದರಿಂದ ಯಾವ ಲೈಸೆನ್ಸೂ ಬೇಕಾಗದು. ಯಾವ ಲೆಕ್ಕದ ಹಾಳೆಯಲ್ಲಿಯೂ ತೆರೆಯುತ್ತದೆ. ತೆರೆಯಿತು. ಆದರೆ ಎರಡು ವಿಚಿತ್ರಗಳು ಕಂಡುಬಂದುವು.

ಮೊದಲನೆಯದು ತಾರೀಖಿನದು. ಆ ಸಾಫ್ಟ್‌ವೇರು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲೂ ದಿನವನ್ನು ಅನಂತರವೂ ಬರೆದಿತ್ತು. ಹೊಸ ಕಂಪ್ಯೂಟರು ನಮ್ಮ ದೇಶದ ಕ್ರಮದಲ್ಲಿ ದಿನವನ್ನು ಮೊದಲು ಓದುವಂತಹುದು. ಅದರಿಂದ ಏಪ್ರಿಲ್ 3ನೆಯ ದಿನದ ಖರ್ಚು ಮಾರ್ಚಿ 4ಕ್ಕೆ ಹೋಗಿ ಕುಳಿತಿತ್ತು. ತಿಂಗಳಿನ 13ನೆಯ ದಿನದಿಂದ ಮುಂದಿನವುಗಳನ್ನು ಮಾತ್ರ, ಹದಿಮೂರನೆಯ ತಿಂಗಳು ಯಾವುದೆಂದು ತಿಳಿಯದೆ, ತಾರೀಖೆಂದೇ ಗಣಿಸದೆ ಬರಿಯ ಬರಹವಾಗಿ ಬಿಟ್ಟಿತ್ತು. ಎಲ್ಲವೂ ಕೆಟ್ಟಿದ್ದರೆ ಒಡನೆಯೇ ಗೊತ್ತಾಗುವುದು. ಕೆಲವು ಮಾತ್ರ ನಯವಾಗಿ ತಪ್ಪಾಗಿದ್ದರೆ ಮೋಸಹೋಗುವುದು ಸುಲಭ. ನಾವು ಎರಡು ದಿನ ಮೋಸಹೋದೆವು.

ಎರಡನೆಯದು ಕನ್ನಡದ್ದು. ಮಿತ್ರರು ಹೆಸರುಗಳನ್ನೂ ಟಿಪ್ಪಣಿಗಳನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದರು. ಆದರೆ ಯೂನಿಕೋಡಿನಲ್ಲಲ್ಲ, ನುಡಿಯ ಹಳೆಯ ಅಕ್ಷರಗಳಲ್ಲಿ. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷು ಮತ್ತು ಯೂರೋಪಿನ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ಆಕಾರವನ್ನು ತೊಡಿಸುವುದು ನುಡಿಯ ಫಾಂಟು. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದುದರಿಂದ ಪುಟವೆಲ್ಲ ಕೊಂಬು ಬಾಲಗಳುಳ್ಳ ಪರದೇಶದ ಅಕ್ಷರಗಳಿಂದ ತುಂಬಿಹೋಗಿತ್ತು. ತಾಯಿಯವರು ಅದನ್ನು ನೋಡಿ, ಎಲ್ಲವೂ ಹಾಳಾಯಿತೆಂದೇ ತಿಳಿದು ಒಳಗೆ ಹೋಗಿ ಕುಳಿತರು. ಹಾಳಾಗಿರಲಿಲ್ಲ. ನುಡಿಯನ್ನು ಸ್ಥಾಪಿಸಿ, ಆ ಅಂಕಣಕ್ಕೆ ಅದರ ಫಾಂಟನ್ನು ಆರಿಸಿದೊಡನೆಯೇ 'ಹಾಲು', 'ಸೊಪ್ಪು', 'ಸತ್ಯನಾರಾಯಣ ಪೂಜೆ, ದಕ್ಷಿಣೆ' ಎಂದು ಸಾಲುಸಾಲಾಗಿ ಎದ್ದು ನಿಂತುವು. ಕರೆದು ತೋರಿಸಿದೆವು. ಅವರು ಪೂಜೆಯ ಸಾಲನ್ನು ಬಹಳ ಹೊತ್ತು ನೋಡುತ್ತಿದ್ದು, "ಆ ದಿನ ಸಜ್ಜಿಗೆಗೆ ತುಪ್ಪ ಸಾಲಲಿಲ್ಲ" ಎಂದರು.

ಬಡಗಿಯ ಹೆಸರೂ ಅಲ್ಲಿ ಇತ್ತು. 2018ರ ಆಗಸ್ಟಿನಲ್ಲಿ 60,000 ಕೊಟ್ಟುದು, ಎರಡು ಸಲ ಐದೈದು ಸಾವಿರ ಬಂದುದು. ಅಷ್ಟಕ್ಕೆ 2019ರ ಮಾರ್ಚಿ ಬಂದು ಕಡತವು ಮುಗಿದುಹೋಯಿತು. ಉಳಿದುದು ಬೀಗದ ಆಚೆ.

ಎಲ್ಲ ಲೆಕ್ಕದ ಸಾಫ್ಟ್‌ವೇರುಗಳೂ ಹೀಗೆಯೇ ಎಂದು ವಾಚಕರು ತಿಳಿಯಬಾರದು. ಗ್ನೂಕ್ಯಾಶ್ ಎಂಬುದು ಯಾರೂ ಬಳಸಬಹುದಾದ ಸ್ವತಂತ್ರ ಸಾಫ್ಟ್‌ವೇರು; ಅದಕ್ಕೆ ಲೈಸೆನ್ಸಿನ ಸಂಖ್ಯೆಯೇ ಇಲ್ಲ, ಎಷ್ಟು ಯಂತ್ರಗಳಿಗಾದರೂ ಸಾಗಿಸಬಹುದು. ಕ್ವಿಕನ್ ಎಂಬ ಅಮೆರಿಕದ ಪ್ರಸಿದ್ಧ ಸಾಫ್ಟ್‌ವೇರು 2018ರ ಆವೃತ್ತಿಯಿಂದ ಚಂದಾ ಪದ್ಧತಿಗೆ ತಿರುಗಿತು. ಅಂತಹವುಗಳಲ್ಲಿ ಎಷ್ಟು ಯಂತ್ರಗಳೆಂಬುದಕ್ಕಿಂತ ಚಂದಾ ನಡೆಯುತ್ತಿದೆಯೇ ಎಂಬುದೇ ಮುಖ್ಯ. ಮೈಕ್ರೋಸಾಫ್ಟ್ ಮನಿ ಎಂಬುದರ ಕಥೆಯು ಇವೆರಡಕ್ಕಿಂತಲೂ ಸ್ವಾರಸ್ಯವಾದುದು. ಅದರ ಮಾರಾಟವನ್ನು 2009ರ ಜೂನ್ 30ಕ್ಕೆ ನಿಲ್ಲಿಸಿದರು. ಮುಂದೆ ಕಂಪೆನಿಯ ಅಪ್ಪಣೆಯನ್ನು ಕೊಡುವವರೇ ಇಲ್ಲದಂತಾದರೆ, ಹೊಸ ಯಂತ್ರವನ್ನು ಕೊಂಡವರ ಗತಿಯೇನು? ತಯಾರಕರು 2010ರಲ್ಲಿ 'ಸನ್‌ಸೆಟ್' ಎಂಬ ಹೆಸರಿನ ಒಂದು ಆವೃತ್ತಿಯನ್ನು ಯಾವ ಅಪ್ಪಣೆಯೂ ಬೇಕಾಗದಂತೆ ಮಾಡಿ ಉಚಿತವಾಗಿ ಬಿಟ್ಟರು. ಅಂಗಡಿಯನ್ನು ಮುಚ್ಚುವ ವರ್ತಕನು ಗಿರಾಕಿಗಳ ಕೀಲಿಕೈಗಳನ್ನು ಹಿಂದಿರುಗಿಸಿ ಹೋದಂತೆ. ಹೀಗೆ ಮಾಡಬೇಕೆಂದು ಎಲ್ಲರಿಗೂ ತೋಚುವುದಿಲ್ಲ. ಅಪ್ಪಣೆ ಕೊಡುವ ಕಂಪೆನಿಯು ಇರುವಾಗಲೇ, ವರ್ಷಕ್ಕೊಮ್ಮೆ ಯುಗಾದಿಯ ಸುಮಾರಿಗೆ, ಲೆಕ್ಕವನ್ನು ಸಾದಾ ರೂಪಕ್ಕೆ ಇಳಿಸಿ ಒಂದು ಪ್ರತಿಯನ್ನು ಅಚ್ಚುಹಾಕಿಸಿಡುವುದು ಮೇಲು. ಮಿತ್ರರು 2019ರ ಅನಂತರ ಅದನ್ನು ಏಕೆ ಬಿಟ್ಟರೋ ತಿಳಿಯದು. ಮಾರನೆಯ ಯುಗಾದಿಗೆ ಕೊರೋನಾ ಬಂದಿತ್ತು; ಅದೇ ಕಾರಣವಿದ್ದೀತು.

ಮೊದಲನೆಯ ಪತ್ರವನ್ನು ಬರೆದ ಇಪ್ಪತ್ತಮೂರನೆಯ ದಿನ ಉತ್ತರ ಬಂದಿತು. ಹಳೆಯ ಎರಡು ಯಂತ್ರಗಳನ್ನೂ ದಫ್ತರದಿಂದ ತೆಗೆದುಹಾಕಿರುವುದಾಗಿಯೂ, ಇದು ಒಂದು ಸಲಕ್ಕೆ ಮಾತ್ರ ಮಾಡುವ ಅನುಕೂಲವೆಂದೂ, ನಿಧನದ ವಿಚಾರವಾಗಿ ವಿಷಾದಿಸುವುದಾಗಿಯೂ ಬರೆದಿದ್ದರು. ಸಂಖ್ಯೆಯನ್ನು ಒತ್ತಿದೆವು. ಈ ಸಲ ಒಪ್ಪಿಕೊಂಡಿತು. ಲೆಕ್ಕದ ಕಡತಕ್ಕೆ ಬೇರೆಯೇ ಪಾಸ್‌ವರ್ಡು ಇದ್ದೀತೆಂದು ನಾವು ನಡುಗುತ್ತಿದ್ದೆವು; ಇರಲಿಲ್ಲ. ಮನೆಯವರಿಂದ ಮುಚ್ಚಿಡತಕ್ಕದ್ದು ಅವರಲ್ಲಿ ಏನೂ ಇರಲಿಲ್ಲವೆಂದು ಕಾಣುತ್ತದೆ.

ಬಡಗಿಯ ಖಾತೆಯನ್ನು ತೆರೆದೆವು. ಅವನ ನೆನಪು ಸರಿಯಾಗಿಯೇ ಇತ್ತು: ನಗದಾಗಿ ಬಂದುದು ಒಟ್ಟು 45,000. ಆದರೆ 2021ರ ಫೆಬ್ರವರಿಯಲ್ಲಿ ಇನ್ನೊಂದು ಜಮಾ ಇದ್ದಿತು, 6,000 ರೂಪಾಯಿ. ಅದರ ಎದುರಿಗೆ ಟಿಪ್ಪಣಿ: 'ಹಿತ್ತಿಲ ಬಾಗಿಲು, ಎರಡು ಕಿಟಕಿ. ಆರು ದಿನದ ಕೂಲಿ. ಕೊಟ್ಟರೆ ಬೇಡವೆಂದು ಹೋದ. ಸಾಲಕ್ಕೆ ಜಮಾ.' ಬಾಕಿ 9,000.

ತಾಯಿಯವರು ಎರಡು ಸಲ ಓದಿಸಿದರು. ಹಿತ್ತಿಲ ಬಾಗಿಲಿನ ಕಡೆಗೆ ಒಮ್ಮೆ ನೋಡಿದರು. ಆಮೇಲೆ ದೇವರ ಗೂಡಿನಿಂದ ಲಕೋಟೆಯನ್ನು ತಂದು, ಅದರಿಂದ ಆರು ಸಾವಿರವನ್ನು ಎಣಿಸಿ ಬೇರೆ ಮಾಡಿ, ಎಲೆಯಡಿಕೆಯೊಡನೆ ತಟ್ಟೆಯಲ್ಲಿಟ್ಟು, ಬಡಗಿಯನ್ನು ಕರೆದು ತರುವಂತೆ ಮೊಮ್ಮಗನಿಗೆ ಹೇಳಿದರು. ಅವನು ಸಾಯಂಕಾಲ ಬಂದನು. ಹಣವನ್ನು ತೆಗೆದುಕೊಳ್ಳಲು ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಕಂಪ್ಯೂಟರಿನ ಮುಂದೆ ಕೂರಿಸಿ ಆ ಸಾಲನ್ನು ಅವನಿಂದಲೇ ಓದಿಸಬೇಕಾಯಿತು.

ಉಳಿದ 9,000 ರೂಪಾಯಿಗಳನ್ನು ಅದೇ ಖಾತೆಯಲ್ಲಿ ಜಮಾ ಮಾಡಿ ಬಾಕಿಯನ್ನು ಸೊನ್ನೆಗೆ ತಂದೆವು. ನಮ್ಮ ಕೈ ಕೀಲಿಮಣೆಯ ಮೇಲಿತ್ತು, ಒತ್ತಿದವರು ಅವರು. ಈಗ ವಾರಕ್ಕೆರಡು ದಿನ ಬೆಳಗ್ಗೆ ಬಂದು, ಹಾಲಿನ ಲೆಕ್ಕದಿಂದ ಆರಂಭಿಸಿ, ಆ ಸಾಫ್ಟ್‌ವೇರನ್ನು ಕಲಿಸಿಕೊಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಲೈಸೆನ್ಸಿನ ಸಂಖ್ಯೆಯನ್ನೂ ಪಾಸ್‌ವರ್ಡನ್ನೂ ಈ ವರ್ಷದ ಪಂಚಾಂಗದ ಕೊನೆಯ ಹಾಳೆಯಲ್ಲಿ ಅವರೇ ಬರೆದುಕೊಂಡಿದ್ದಾರೆ.